ಜಾರುವ ನೆಲ ಯಾರ ತಪ್ಪು?

ಸೂರತ್‌ನ ಪಾಂಡೇಸರಾ. ಇಲ್ಲಿನ ಡೈಯಿಂಗ್ ಮಿಲ್ ಒಳಗೆ ಕಾಲಿಟ್ಟರೆ ಬಣ್ಣಕ್ಕಿಂತ ಮೊದಲು ಸಿಗೋದು ನೀರು. ಜೆಟ್ ಯಂತ್ರದಿಂದ ತೆಗೆದ ಒದ್ದೆ ಬಟ್ಟೆ, ಟ್ರಾಲಿ ತುಂಬಾ. ಸೋರೋ ನೀರಲ್ಲಿ ಸೋಪಿನ ಅಂಶ ಬೇರೆ. ಕಾಲಲ್ಲಿ ಹವಾಯಿ ಚಪ್ಪಲಿ. ಜಾರದೆ ಇನ್ನೇನಾಗುತ್ತೆ ಹೇಳಿ?

‘ನೋಡಿ ನಡೆಯಿರಿ’ ಅಂತ ಬೋರ್ಡ್ ಹಾಕ್ತಾರೆ. ತುಂಬಿದ ಟ್ರಾಲಿ ತಳ್ಳುವವನಿಗೆ ಮುಂದಿನ ನೆಲವೇ ಕಾಣಲ್ಲ, ಸ್ವಾಮಿ!

1948ರ ಕಾರ್ಖಾನೆ ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇತ್ತು. ಕೆಲಸದಿಂದ ನೆಲ ಒದ್ದೆಯಾಗೋದಾದರೆ ನೀರು ಹರಿದುಹೋಗೋ ಏರ್ಪಾಡು ಇರಬೇಕು: 11ನೇ ಸೆಕ್ಷನ್. ನೆಲ, ಮೆಟ್ಟಿಲು, ಓಡಾಡೋ ದಾರಿ ಮೇಲೆ ಎಡವಿಸೋದು, ಜಾರಿಸೋದು ಏನೂ ಇರಕೂಡದು: 32ನೇ ಸೆಕ್ಷನ್. ಅಂದರೆ ಮೊದಲು ಇಳಿಜಾರು, ಚರಂಡಿ, ಅದರ ಮೇಲೆ ಜಾಲರಿ. ಹಿಡಿತ ಇರೋ ಬೂಟು ಆಮೇಲಿನ ಮಾತು.

ಅಹಮದಾಬಾದ್‌ನ ನಾರೋಲ್ ಮಿಲ್‌ಗಳಲ್ಲೂ ಇದೇ ಕಥೆ. ವಡೋದರದ ನಂದೇಸರಿಯಲ್ಲಿ ಕೆಮಿಕಲ್ ಕಾರ್ಖಾನೆಗಳು. ಅಲ್ಲಿ ಚೆಲ್ಲಿರೋದು ನೀರೋ ಆಸಿಡ್ಡೋ ಗೊತ್ತಾಗದೆ ಒರೆಸೋಕೂ ಹೋಗಬೇಡಿ.

ಯಾರಾದರೂ ಜಾರಿ ಬಿದ್ದು, ಏಟಾಗದೆ ಎದ್ದು ನಿಂತರೆ ನಕ್ಕು ಸುಮ್ಮನಾಗಬೇಡಿ. ಆ ಜಾಗ ಯಾವುದು ಅಂತ ಅವತ್ತೇ ಸೂಪರ್‌ವೈಸರ್‌ಗೆ ತೋರಿಸಿ.