ಕುಳಗೇರಿ ಕ್ರಾಸಿಗೆ ವಿಶ್ವವಿದ್ಯಾಲಯದ ಸುದ್ದಿ ತರುವ ಯಂತ್ರ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬಾದಾಮಿಗೆ ಹೊರಳಬೇಕಾದವರು ಇಳಿಯುವ ಜಾಗ ಕುಳಗೇರಿ ಕ್ರಾಸ್. ಇದರ ಸುತ್ತ ವಿಶ್ವವಿದ್ಯಾಲಯಗಳಿಗೆ ಕೊರತೆಯಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ 2008ರಲ್ಲಿ ಹುಟ್ಟಿದ ತೋಟಗಾರಿಕೆ ವಿಶ್ವವಿದ್ಯಾಲಯ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಜಮಖಂಡಿಯಲ್ಲಿ 2023ರಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯ. ಎಲ್ಲವೂ ಬಸ್ಸಿನ ಹಾದಿಯಲ್ಲಿವೆ, ಒಂದೂ ಊರ ಮಗ್ಗುಲಲ್ಲಿಲ್ಲ.

ಈ ಭಾಗದ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದಾಗ ಬೆಳಗಾವಿಗೆ ಸೇರಿದವು, ಆಮೇಲೆ ಬಾಗಲಕೋಟೆ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯವಾಯಿತು. ಹೀಗಾಗಿ ಅಪ್ಪ, ಅಣ್ಣ, ತಂಗಿ ಒಂದೇ ಕಾಲೇಜಿನಲ್ಲಿ ಓದಿದ್ದರೂ ಪದವಿ ಪತ್ರದ ಮೇಲೆ ಮೂರು ಬೇರೆ ಹೆಸರುಗಳಿರಬಹುದು. ಅಂಕಪಟ್ಟಿಗೆ ಎಲ್ಲಿ ಅರ್ಜಿ ಹಾಕಬೇಕು, ಬ್ಯಾಕ್‌ಲಾಗ್ ಪರೀಕ್ಷೆ ಯಾರು ನಡೆಸುತ್ತಾರೆ, ದಂಡವಿಲ್ಲದೆ ಶುಲ್ಕ ಕಟ್ಟಲು ಕಡೆಯ ದಿನ ಯಾವುದು ಎಂಬ ಸುತ್ತೋಲೆಗಳು ಒಂದೇ ಮನೆಗೆ ಬೇರೆ ಬೇರೆ ಊರುಗಳಿಂದ ಬರಬೇಕು. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಸರ್ಕಾರದ ಮಟ್ಟದಲ್ಲೇ ಕೇಳಿಬಂತು. ಅಂಥ ಹೊತ್ತಿನಲ್ಲಿ ಖಚಿತವಾದ ಸುದ್ದಿ ಎಲ್ಲಿಂದ ಪಡೆಯಬೇಕು ಎಂಬುದು ವಿದ್ಯಾರ್ಥಿಗೆ ಪಠ್ಯದಷ್ಟೇ ಮುಖ್ಯ.

ಈಗ ಸುದ್ದಿ ಬರುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದ ಸುತ್ತೋಲೆ ನೂರು ಕೈ ದಾಟಿ ಬರುತ್ತದೆ. ದಿನಾಂಕವಿರುವ ಮೇಲಿನ ಅಂಚು ಕತ್ತರಿಸಿ ಹೋಗಿರುತ್ತದೆ. ಹೋದ ವರ್ಷದ ವೇಳಾಪಟ್ಟಿ ಈ ವರ್ಷವೂ ಸುತ್ತುತ್ತದೆ. ಇದನ್ನು ನಾನು ಸಣ್ಣ ತೊಂದರೆ ಎಂದುಕೊಂಡಿಲ್ಲ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ದಿನ ತಪ್ಪಿದರೆ ಒಂದು ಸೆಮಿಸ್ಟರೇ ಕೈಬಿಟ್ಟು ಹೋಗಬಹುದು. ಇಲ್ಲಿ ಬೇಕಾಗಿರುವುದು ಸುದ್ದಿ ಎಲ್ಲಿಂದ ಬಂತು, ಯಾವಾಗ ಬಂತು ಎಂಬ ಗುರುತು ಕಳಚದೆ ಉಳಿಯುವ ದಾರಿ. ಆ ದಾರಿ ಕಾಲು ಶತಮಾನದ ಹಿಂದೆಯೇ ತಯಾರಾಗಿದೆ. ಅದರ ಹೆಸರು ವೆಬ್ ಫೀಡ್.

ಫೀಡ್ ಎಂದರೆ ಜಾಲತಾಣವೊಂದು ತನ್ನ ಪುಟಗಳ ಜೊತೆಗೆ ಇಟ್ಟುಕೊಳ್ಳುವ ಒಂದು ಪುಟ್ಟ ಕಡತ. ಚಿತ್ರವಿಲ್ಲ, ಬಣ್ಣವಿಲ್ಲ, ಜಾಹೀರಾತಿಲ್ಲ. ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕಟ್ಟಿನಲ್ಲಿ ಹೊಸ ಸುದ್ದಿಗಳ ಪಟ್ಟಿ ಮಾತ್ರ ಅದರಲ್ಲಿರುತ್ತದೆ. ಸಾಮಾನ್ಯವಾಗಿ ಪ್ರತಿ ಸುದ್ದಿಗೂ ಒಂದು ತಲೆಬರಹ, ಮೂಲ ಪುಟದ ಕೊಂಡಿ, ಎರಡು ಸಾಲಿನ ಸಾರಾಂಶ, ಪ್ರಕಟವಾದ ದಿನಾಂಕ ಮತ್ತು ಗಂಟೆ, ಜೊತೆಗೆ ಬೇರೆ ಯಾವ ಸುದ್ದಿಗೂ ಇರದ ಒಂದು ಗುರುತು. ಈ ಗುರುತೇ ಫೀಡಿನ ಜೀವ. ನಿಮ್ಮ ಫೋನಿನಲ್ಲಿರುವ ಫೀಡ್ ರೀಡರ್ ಎಂಬ ಆ್ಯಪ್ ಈ ಗುರುತು ನೋಡಿ, ಇದು ಆಗಲೇ ತೋರಿಸಿದ್ದು, ಇದು ಹೊಸದು ಎಂದು ವಿಂಗಡಿಸುತ್ತದೆ. ಹಳೆಯ ಸುತ್ತೋಲೆ ಹೊಸದೆಂಬಂತೆ ಮತ್ತೆ ತಲೆ ಎತ್ತುವುದಿಲ್ಲ.

ಮಿಂಚಂಚೆ, ಎಸ್‌ಎಂಎಸ್ ಕಳುಹಿಸುವವರಿಗೆ ನಿಮ್ಮ ವಿಳಾಸ ಗೊತ್ತಿರಬೇಕು. ಫೀಡಿನಲ್ಲಿ ಅದರ ಅಗತ್ಯವಿಲ್ಲ. ಹೋಗಿ ಕೇಳುವುದು ನಿಮ್ಮ ರೀಡರ್. ಗಂಟೆಗೊಮ್ಮೆಯೋ ದಿನಕ್ಕೆರಡು ಸಲವೋ ಅದು ವಿಶ್ವವಿದ್ಯಾಲಯದ ಸರ್ವರಿನ ಕದ ತಟ್ಟಿ, ಹಿಂದಿನ ಸಲ ಒಯ್ದ ಪ್ರತಿಯ ಗುರುತು ಹೇಳಿ, ಅದು ಬದಲಾಗಿದೆಯೇ ಎಂದು ವಿಚಾರಿಸುತ್ತದೆ. ಬದಲಾಗಿರದಿದ್ದರೆ ಸರ್ವರ್ 304 ಎಂಬ ಸಂಕೇತ ಕೊಟ್ಟು ಸುಮ್ಮನಾಗುತ್ತದೆ. ಕ್ರಾಸಿನ ಚಹಾದಂಗಡಿಯಲ್ಲಿ "ಬಾದಾಮಿ ಬಸ್ ಬಂತೇನ್ರೀ?" ಎಂದು ಕೇಳಿದರೆ "ಇನ್ನಾ ಬಂದಿಲ್ರಿ" ಎನ್ನುವಷ್ಟೇ ಚಿಕ್ಕ ಉತ್ತರ. ಕಡತ ಕಳಿಸುವ ಮಾತೇ ಇಲ್ಲ, ಖರ್ಚಾಗುವ ಡೇಟಾ ತೀರ ಕಡಿಮೆ. ಬದಲಾಗಿದ್ದರೆ ಮಾತ್ರ ಪೂರ್ತಿ ಪಟ್ಟಿ ಇಳಿದು ಬರುತ್ತದೆ. ನೆಟ್‌ವರ್ಕಿನ ಒಂದೇ ಕಡ್ಡಿ ತೋರಿಸುವ ಊರಿಗೆ ಇಷ್ಟು ಹೊಂದುವ ಯಂತ್ರ ಇನ್ನೊಂದಿಲ್ಲ.

ಇದನ್ನು ಮೊದಲು ರೂಪಿಸಿದವರಲ್ಲಿ ಒಬ್ಬರು ನಮ್ಮ ದೇಶದವರು, ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. 1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಡ್ಯಾನ್ ಲಿಬ್ಬಿ ಜೊತೆಗೂಡಿ ಅವರು ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿಯ ಮೊದಲ ಆವೃತ್ತಿ ಹೊರತಂದರು. ನೆಟ್‌ಸ್ಕೇಪ್ ಕೈಬಿಟ್ಟ ಮೇಲೆ ತಂತ್ರಾಂಶಕಾರ ಡೇವ್ ವೈನರ್ ಅದನ್ನು ಬೆಳೆಸಿದರು. 2000ದ ಕೊನೆಯಲ್ಲಿ ಅವರು ಅದಕ್ಕೆ ಇನ್ನೊಂದು ಸಾಲು ಸೇರಿಸಿದರು: ಸುದ್ದಿಯ ಜೊತೆಗೆ ಒಂದು ಧ್ವನಿ ಕಡತದ ವಿಳಾಸ, ಅದರ ಗಾತ್ರ, ಅದರ ಬಗೆ. ಫೀಡಿನ ಮೂಲಕ ಬರುವ ಧ್ವನಿ ಕಾರ್ಯಕ್ರಮ, ಅಂದರೆ ಪಾಡ್‌ಕಾಸ್ಟ್, ಹುಟ್ಟಿದ್ದು ಈ ಒಂದು ಸಾಲಿನಿಂದ. ಫೀಡಿನ ಪಟ್ಟಿಯಲ್ಲಿ ಧ್ವನಿಯ ವಿಳಾಸ ಕಂಡ ಕೂಡಲೇ ಆ್ಯಪ್ ಅದನ್ನು ತಾನೇ ಇಳಿಸಿಕೊಂಡು ಇಡಬಲ್ಲದು.

ವಿಶ್ವವಿದ್ಯಾಲಯಕ್ಕೂ ಈ ಯಂತ್ರಕ್ಕೂ ಹಳೆಯ ನಂಟಿದೆ. 2003ರಲ್ಲಿ ವೈನರ್ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರದಲ್ಲಿದ್ದರು. ಆ ವರ್ಷದ ಬೇಸಿಗೆಯಲ್ಲಿ ರೇಡಿಯೊ ಪತ್ರಕರ್ತ ಕ್ರಿಸ್ಟೊಫರ್ ಲೈಡನ್ ಮಾಡಿದ ಸಂದರ್ಶನಗಳನ್ನು ಫೀಡಿಗೆ ಕಟ್ಟಿ ಹೊರಬಿಟ್ಟರು. ಪಾಡ್‌ಕಾಸ್ಟ್ ಎಂಬ ಹೆಸರು ಪತ್ರಿಕೆಯಲ್ಲಿ ಕಾಣಿಸಿಕೊಂಡಿದ್ದು ಮರುವರ್ಷ. ಅದೇ 2003ರಲ್ಲಿ ಆರ್‌ಎಸ್‌ಎಸ್ 2.0 ಮಾದರಿಯ ಹಕ್ಕು ಹಾರ್ವರ್ಡಿಗೆ ಹೋಯಿತು, ಯಾರು ಬೇಕಾದರೂ ಬಳಸಲಿ ಎಂಬ ಪರವಾನಗಿಯೊಂದಿಗೆ. ಇದು ಯಾವ ಕಂಪನಿಯ ಸೊತ್ತೂ ಅಲ್ಲ ಎಂಬುದರ ಬೆಲೆ ಹತ್ತು ವರ್ಷದ ನಂತರ ತಿಳಿಯಿತು. 2013ರ ಜುಲೈ 1ರಂದು ಗೂಗಲ್ ತನ್ನ ಪ್ರಸಿದ್ಧ ರೀಡರನ್ನು ಮುಚ್ಚಿತು. ಫೀಡುಗಳು ಮಾತ್ರ ಇದ್ದಲ್ಲೇ ಇದ್ದವು. ಓದುಗರು ತಮ್ಮ ಚಂದಾ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಬೇರೆ ರೀಡರಿಗೆ ಹೋದರು.

ಧ್ವನಿಯ ಸಂಗತಿ ನಮ್ಮ ಕಡೆಗೆ ಹೊಸದಲ್ಲ. ಧಾರವಾಡ ಆಕಾಶವಾಣಿ 1950ರಿಂದ ಈ ನಾಡಿನ ಕಿವಿಯಲ್ಲಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನದೇ ಸಮುದಾಯ ರೇಡಿಯೊ ನಡೆಸಿದೆ. ಆದರೆ ಸಮುದಾಯ ರೇಡಿಯೊದ ತರಂಗ ಸುತ್ತಲಿನ ಕೆಲವು ಹಳ್ಳಿಗಳಾಚೆ ಹೋಗದು, ಕುಳಗೇರಿಯ ತನಕ ಬರುವುದಂತೂ ದೂರದ ಮಾತು. ಹೊತ್ತು ತಪ್ಪಿದರೆ ಕಾರ್ಯಕ್ರಮವೂ ತಪ್ಪಿತು. ಅದೇ ಧ್ವನಿ ಫೀಡಿಗೆ ಸೇರಿದರೆ ಎರಡೂ ಅಡ್ಡಿ ನೀಗುತ್ತವೆ. ಮಾತಿಗೆ ದೊಡ್ಡ ಗುಣಮಟ್ಟ ಬೇಕಿಲ್ಲ. ಸೆಕೆಂಡಿಗೆ 64 ಕಿಲೋಬಿಟ್ ಸಾಕು, ಇಪ್ಪತ್ತು ನಿಮಿಷದ ಸಂಚಿಕೆ 10 ಮೆಗಾಬೈಟಿನೊಳಗೆ ಮುಗಿಯುತ್ತದೆ. ಕಾಲೇಜಿನ ವೈಫೈ ಸಿಕ್ಕಾಗ ಇಳಿಸಿಕೊಂಡು, ಮನೆಗೆ ಮರಳುವಾಗ ಬಸ್ಸಿನಲ್ಲಿ ನೆಟ್ ಇಲ್ಲದೆಯೂ ಕೇಳಬಹುದು. ಉಳ್ಳಾಗಡ್ಡಿ ಹೊಲದ ನೇರಳೆ ಮಚ್ಚೆ ರೋಗದ ಬಗ್ಗೆ ತೋಟಗಾರಿಕೆ ವಿಜ್ಞಾನಿಯೊಬ್ಬರು ಹತ್ತು ನಿಮಿಷ ನಮ್ಮ ಮಾತಿನಲ್ಲಿ ಹೇಳಿದರೆ, ಕಳೆ ತೆಗೆಯುತ್ತಲೇ ರೈತರು ಕೇಳುತ್ತಾರೆ. ವಿಶ್ವವಿದ್ಯಾಲಯದ ಸುದ್ದಿ ಎಂದರೆ ಪರೀಕ್ಷೆಯ ಸುದ್ದಿಯಷ್ಟೇ ಅಲ್ಲ. ಅಲ್ಲಿ ಹುಟ್ಟಿದ ತಿಳಿವಳಿಕೆಯೂ ಸುದ್ದಿಯೇ.

ಫೀಡ್ ಹುಡುಕುವುದು ಸುಲಭ. ಜಾಲತಾಣದಲ್ಲಿ ಕಿತ್ತಳೆ ಬಣ್ಣದ ಚೌಕದೊಳಗೆ ಒಂದು ಚುಕ್ಕೆ, ಎರಡು ಕಮಾನು ಇದ್ದರೆ ಅದೇ ಅದರ ಗುರುತು. ಇಲ್ಲದಿದ್ದರೂ ತಾಣದ ವಿಳಾಸವನ್ನು ರೀಡರಿನಲ್ಲಿ ಹಾಕಿ ನೋಡಿ, ಬಹಳಷ್ಟು ರೀಡರುಗಳು ಒಳಗಿರುವ ಫೀಡನ್ನು ತಾವೇ ಪತ್ತೆ ಮಾಡುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ಫೀಡ್ ಹುಟ್ಟಿನಿಂದಲೇ ಇರುತ್ತದೆ, ನಿರ್ವಾಹಕರಿಗೆ ಗೊತ್ತಿಲ್ಲದಿದ್ದರೂ. ಯೂಟ್ಯೂಬ್ ಚಾನೆಲ್ಲುಗಳಿಗೂ ಫೀಡ್ ಇದೆ. ಒಂದು ಎಚ್ಚರಿಕೆ: ಫೀಡಿನಲ್ಲಿ ಎಲ್ಲ ಕಾಲದ ಸುದ್ದಿಯೂ ಇರುವುದಿಲ್ಲ. ವರ್ಡ್‌ಪ್ರೆಸ್ ತಾನಾಗಿ ಕೊಡುವುದು ಇತ್ತೀಚಿನ ಹತ್ತು ಮಾತ್ರ. ಪರೀಕ್ಷಾ ಕಾಲದಲ್ಲಿ ಹತ್ತು ಸುತ್ತೋಲೆ ಎರಡು ದಿನದಲ್ಲಿ ಬಂದುಬಿಡಬಹುದು, ಆಗ ಫೋನನ್ನು ಆಫ್ ಮಾಡಿ ಇಡಬೇಡಿ.

ನಮ್ಮಲ್ಲಿ ನಿಜವಾದ ತೊಡಕು ಬೇರೆ ಕಡೆ ಇದೆ. ಫೀಡ್ ಒಯ್ಯುವುದು ಅಕ್ಷರವನ್ನು. ಸಹಿ, ಮೊಹರು ಸಮೇತ ಸ್ಕ್ಯಾನ್ ಮಾಡಿದ ಪಿಡಿಎಫ್ ಯಂತ್ರದ ಕಣ್ಣಿಗೆ ಒಂದು ಚಿತ್ರ. ಅದರೊಳಗೆ "ಕಡೆಯ ದಿನಾಂಕ" ಎಂದಿರುವುದು ಹುಡುಕಾಟಕ್ಕೂ ಸಿಗದು, ಕಣ್ಣು ಕಾಣದ ವಿದ್ಯಾರ್ಥಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೂ ಸಿಗದು. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ತಲೆಬರಹ ಬೇರೆ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಜಾಲದಲ್ಲಿ ರೂಢಿಯಲ್ಲಿರುವ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ. ಹಾಗಿದ್ದರೂ ಕನ್ನಡದಲ್ಲಿ ಬರೆದ ಇಡೀ ಸುತ್ತೋಲೆಯ ಪಠ್ಯ ಕೆಲವು ಕಿಲೋಬೈಟು ದಾಟುವುದಿಲ್ಲ, ಸ್ಕ್ಯಾನ್ ಮಾಡಿದ ಒಂದು ಹಾಳೆಗಿಂತ ಎಷ್ಟೋ ಹಗುರ.

ಆದ್ದರಿಂದ ಓದುಗರಲ್ಲಿ, ವಿಶೇಷವಾಗಿ ಬಾದಾಮಿ, ಹುನಗುಂದ, ಇಳಕಲ್ಲಿನ ಕಾಲೇಜು ಮಕ್ಕಳಲ್ಲಿ ಒಂದು ಕೋರಿಕೆ. ಈ ವಾರವೇ ಒಂದು ರೀಡರ್ ಹಾಕಿಕೊಂಡು ನಿಮ್ಮ ವಿಶ್ವವಿದ್ಯಾಲಯದ ತಾಣವನ್ನು ಅದರಲ್ಲಿ ಪರೀಕ್ಷಿಸಿ. ಫೀಡ್ ಸಿಕ್ಕರೆ ವಿಳಾಸವನ್ನು ತರಗತಿಯ ಗುಂಪಿಗೆ ಹಾಕಿ. ಸಿಗದಿದ್ದರೆ ಪ್ರಾಚಾರ್ಯರ ಮೂಲಕ ಕುಲಸಚಿವರಿಗೆ ಪತ್ರ ಬರೆದು ಮೂರನ್ನು ಕೇಳಿ: ಸುತ್ತೋಲೆಗಳಿಗೊಂದು ಫೀಡ್, ಅದರಲ್ಲಿ ಯುನಿಕೋಡ್ ಕನ್ನಡದ ಪಠ್ಯ, ವಾರಕ್ಕೊಂದು ಹತ್ತು ನಿಮಿಷದ ಧ್ವನಿ ಸುದ್ದಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಅನುದಾನವೂ ಬೇಡ.