ಕೃಷಿ ಮೇಳಕ್ಕೆ ಹೋಗುವ ರಯತರಿಗೆ ತಿಳಿವಳಿಕೆ

ಶಿವಮೊಗ್ಗೆಯ ನವಿಲೆಯಲ್ಲಿಯೂ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಏರ್ಪಡುವ ಕೃಷಿ ಮೇಳಗಳಿಂದ ತೊಗರ್ಸಿಯ ಸುತ್ತಣ ಗ್ರಾಮಗಳ ರಯತರಿಗೆ ಬಹಳ ಪ್ರಯೋಜನ ಉಂಟಾಗಬಹುದು. ಹೊಸ ತಳಿ, ಯಂತ್ರ, ಔಷಧಗಳೂ ಅವುಗಳನ್ನು ಬಲ್ಲವರೂ ಅಲ್ಲಿ ಒಂದೆಡೆ ಸಿಕ್ಕುವರು. ಆದರೆ ಅನೇಕರು ದಿನವೆಲ್ಲಾ ತಿರುಗಿ, ಕೈತುಂಬ ಕರಪತ್ರಗಳನ್ನೂ ಒಂದೆರಡು ಸೀಸೆ ಔಷಧವನ್ನೂ ಹೊತ್ತು ಮರಳುತ್ತಾರೆ. ಜಮೀನಿನ ತೊಂದರೆ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ. ಕೇಳಬೇಕಾದುದನ್ನು ಮನೆಯಲ್ಲಿಯೇ ನಿಶ್ಚಯಿಸದೆ ಹೊರಡುವುದೇ ಇದಕ್ಕೆ ಕಾರಣ.

ಹೊರಡುವ ಮುನ್ನ:— ಕಳೆದ ಹಂಗಾಮಿನಲ್ಲಿ ಹೆಚ್ಚು ನಷ್ಟವನ್ನುಂಟುಮಾಡಿದ ಒಂದೆರಡು ಸಂಗತಿಗಳನ್ನು ಮಾತ್ರ ಚೀಟಿಯಲ್ಲಿ ಬರೆದುಕೊಳ್ಳತಕ್ಕದ್ದು. ಬಿತ್ತಿದ ದಿನ, ತಳಿಯ ಹೆಸರು, ಹಾಕಿದ ಗೊಬ್ಬರ, ಹೊಡೆದ ಔಷಧ ಇವೂ ಅದರಲ್ಲಿರಲಿ. ಮಣ್ಣು ಪರೀಕ್ಷೆಯ ವರದಿಯಿದ್ದರೆ ಜೊತೆಗೆ ಒಯ್ಯುವುದು ಉತ್ತಮ.

ಸಾಧ್ಯವಾದರೆ ರೋಗದ ಗುರುತನ್ನೇ ತೋರಿಸಬೇಕು. ಮೆಕ್ಕೆಜೋಳದ ಸುಳಿಯನ್ನು ತಿನ್ನುವ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊಟ್ಟಮೊದಲು ಗುರುತಿಸಿದುದು 2018ರಲ್ಲಿ, ಶಿವಮೊಗ್ಗೆಯ ಹೊಲಗಳಲ್ಲಿಯೇ. ತಲೆಯ ಮೇಲೆ ತಲೆಕೆಳಗಾದ ಕವಲುಗೋಲಿನಂತಹ ಬಿಳಿಗೆರೆ, ಬಾಲದ ಬಳಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ ಇವು ಅದರ ಲಕ್ಷಣಗಳು. “ಹುಳು ಬಿದ್ದಿದೆ” ಎಂದಷ್ಟೇ ಹೇಳುವವನಿಗೆ ಸರಿಯಾದ ಉತ್ತರ ದೊರೆಯಲಾರದು. ಹುಳುವನ್ನು ಮುಚ್ಚಳದ ಡಬ್ಬಿಯಲ್ಲಿ ಒಯ್ದು ತೋರಿಸಿದವನಿಗೆ ಅದು ಯಾವುದೆಂದೂ ಏನು ಮಾಡಬೇಕೆಂದೂ ತಿಳಿಯುವುದು. ಈ ಹುಳುಗಳು ಒಂದನ್ನೊಂದು ತಿನ್ನುವುದರಿಂದ ಒಂದು ಡಬ್ಬಿಯಲ್ಲಿ ಒಂದನ್ನೇ ಇಡತಕ್ಕದ್ದು.

ಮೇಳದಲ್ಲಿ:— ಒಂದೇ ಗ್ರಾಮದಿಂದ ನಾಲ್ಕೈದು ಮಂದಿ ಹೋದರೆ ಎಲ್ಲರೂ ಗುಂಪಾಗಿ ತಿರುಗಬಾರದು. ಒಬ್ಬರು ಭತ್ತವನ್ನೂ, ಒಬ್ಬರು ಮೆಕ್ಕೆಜೋಳವನ್ನೂ, ಒಬ್ಬರು ಅಡಿಕೆಯನ್ನೂ, ಒಬ್ಬರು ಯಂತ್ರಗಳನ್ನೂ ಹಂಚಿಕೊಂಡು ನೋಡತಕ್ಕದ್ದು. ಜನಸಂದಣಿ ಹೆಚ್ಚುವ ಮೊದಲೇ, ಬೆಳಗ್ಗೆ, ವಿಜ್ಞಾನಿಗಳನ್ನು ಕಾಣುವುದು ಮೇಲು.

ಯಾವ ಹೊಸ ಪದ್ಧತಿಯನ್ನು ಕಂಡರೂ ಕೇಳಬೇಕಾದುವು: ಎಕರೆಗೆ ಖರ್ಚೆಷ್ಟು? ಎಷ್ಟು ನೀರು, ಎಷ್ಟು ಆಳು ಬೇಕು? ಇದನ್ನು ಯಾವ ಸೀಮೆಯಲ್ಲಿ ಪರೀಕ್ಷಿಸಿದೆ? ಕೊನೆಯ ಪ್ರಶ್ನೆ ಬಹು ಮುಖ್ಯವಾದುದು. ತೊಗರ್ಸಿ ಅರೆಮಲೆನಾಡಿನ ಊರು. ತೀರ್ಥಹಳ್ಳಿಯ ಮಳೆಗೂ ಚಿತ್ರದುರ್ಗದ ಬಯಲಿಗೂ ಒಪ್ಪುವುದೆಲ್ಲವೂ ಇಲ್ಲಿಗೆ ಒಪ್ಪುವುದಿಲ್ಲ.

ಮಾರಾಟದ ಮಳಿಗೆಯವರ ಮಾತನ್ನು ಕೇಳಬಹುದು. ಆದರೆ ಅದೇ ದಿನ ಹಣ ಕೊಡಲಾಗದು. ಮೊದಲು ಆ ವಿಷಯವನ್ನು ವಿಶ್ವವಿದ್ಯಾಲಯದ ಮಳಿಗೆಯಲ್ಲಿ ವಿಚಾರಿಸತಕ್ಕದ್ದು. ಯಂತ್ರವಾದರೆ ಅದರ ಬಿಡಿಭಾಗಗಳು ಶಿಕಾರಿಪುರದಲ್ಲಿ ದೊರೆಯುವುವೇ ಎಂದು ತಿಳಿಯತಕ್ಕದ್ದು.

ಮರಳಿದ ಮೇಲೆ:— ಒಂದೇ ವರ್ಷದಲ್ಲಿ ಇಡೀ ಜಮೀನಿಗೆ ಹೊಸ ತಳಿಯನ್ನು ಬಿತ್ತಿ, ಅದು ಕೈಕೊಟ್ಟರೆ, ಕುಟುಂಬದ ವರ್ಷದ ಅನ್ನವೇ ಹೋಗುವುದು. ಆದುದರಿಂದ ಎರಡು ಗುಂಟೆಯಲ್ಲಿ ಹೊಸ ತಳಿಯನ್ನೂ, ಪಕ್ಕದ ಎರಡು ಗುಂಟೆಯಲ್ಲಿ ಹಳೆಯದನ್ನೂ ಒಂದೇ ದಿನ ಬಿತ್ತಿ, ಒಂದೇ ಪ್ರಮಾಣದ ಗೊಬ್ಬರ ಕೊಟ್ಟು, ಫಸಲನ್ನು ಬೇರೆ ಬೇರೆಯಾಗಿ ತೂಗತಕ್ಕದ್ದು. ಎರಡು ಗುಂಟೆಯಲ್ಲಿ 10 ಕಿಲೋ ಹೆಚ್ಚು ಬಂದರೆ ಎಕರೆಗೆ 200 ಕಿಲೋ ಹೆಚ್ಚೆಂದಾಯಿತು. ಈ ಲೆಕ್ಕದಲ್ಲಿ ಖರ್ಚನ್ನು ಕಳೆದು ಉಳಿದುದೇ ನಿಜವಾದ ಲಾಭ.

ಗ್ರಾಮದ ಮುಖಂಡರು, ಮೇಳಕ್ಕೆ ಹೋದವರು ಬಂದ ವಾರದೊಳಗೆ ಊರವರನ್ನು ಒಂದೆಡೆ ಸೇರಿಸಿ, ಕಂಡುದನ್ನೂ ಕೇಳಿದುದನ್ನೂ ಹೇಳಿಸುವುದು ಲೇಸು. ಸಣ್ಣ ಹಿಡುವಳಿಯವರೂ ಕೂಲಿ ಬಿಟ್ಟು ಹೋಗಲಾರದವರೂ ಇದರಿಂದ ಮೇಳದ ಫಲವನ್ನು ಪಡೆಯುವರು.