ಎರಡು ಕೋಲು ಹಿಡಿದು ನೂಕ್ಸಿಯೊ ಕಾಡಿನಲ್ಲಿ

ನಮ್ಮ ಕಡೆ ಕೈಗೆ ಕೋಲು ಬಂತೆಂದರೆ ಪ್ರಾಯ ಆಯಿತೆಂದೇ ಲೆಕ್ಕ. ಫಿನ್‌ಲ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಗಟ್ಟಿಮುಟ್ಟಾದ ಯುವಕರೂ ಎರಡೂ ಕೈಯಲ್ಲಿ ಕೋಲು ಹಿಡಿದು ಬಿರುಸಾಗಿ ನಡೆಯುತ್ತಾರೆ. ನಾರ್ಡಿಕ್ ವಾಕಿಂಗ್ ಎಂದರೆ ಇದೇ. ಹಿಮದ ಮೇಲೆ ಸ್ಕೀ ಮಾಡುವ ಕ್ರೀಡಾಳುಗಳು ಹಿಮವಿಲ್ಲದ ತಿಂಗಳುಗಳಲ್ಲಿ ಅಭ್ಯಾಸ ತಪ್ಪಬಾರದೆಂದು ಕೋಲು ಹಿಡಿದು ನಡೆಯುತ್ತಿದ್ದರು. 1997ರಲ್ಲಿ ಅಲ್ಲಿನ ಎಕ್ಸೆಲ್ ಕಂಪೆನಿ ನಡಿಗೆಗೆಂದೇ ಕೋಲು ತಯಾರಿಸಿ ಮಾರಾಟಕ್ಕೆ ತಂದ ಮೇಲೆ ಇದು ಸಾಮಾನ್ಯ ಜನರ ವ್ಯಾಯಾಮವೂ ಆಯಿತು.

ಕಳೆದ ಸೆಪ್ಟೆಂಬರ್ ಕೊನೆಗೆ ನಾವು ಉಮ್ಮನನ್ನು ಕರೆದುಕೊಂಡು ಎಸ್ಪೋ ನಗರದಲ್ಲಿ ಕೆಲಸದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಉಮ್ಮನಿಗೆ ಶುಗರ್, ಜೊತೆಗೆ ಮಂಡಿನೋವು. ನಮಾಝ್ ಕುರ್ಚಿಯಲ್ಲೇ. ದಿನಾ ನಡೆಯಲೇಬೇಕೆಂದು ಡಾಕ್ಟರ್ ಹೇಳಿ ವರ್ಷಗಳಾದವು. ಉಪ್ಪ ತೀರಿಹೋದ ಮೇಲೆ ಮದುವೆ ಮನೆ, ಮರಣದ ಮನೆ ಬಿಟ್ಟರೆ ಉಮ್ಮ ಅಂಗಳ ದಾಟಿದ್ದೇ ಕಡಿಮೆ. ಊರುಗೋಲು ತಂದುಕೊಟ್ಟರೆ ಅದು ಬಾಗಿಲ ಹಿಂದೆ ಸೇರಿತು. “ಕೋಲು ಹಿಡ್ಕೊಂಡು ಹೋದ್ರೆ ನೆರೆಕರೆಯವರು ಎಂತ ಹೇಳುದು?” ಎಂಬುದು ಅವರ ಪ್ರಶ್ನೆ.

ಎಸ್ಪೋ ಪಕ್ಕದಲ್ಲೇ ನೂಕ್ಸಿಯೊ ರಾಷ್ಟ್ರೀಯ ಉದ್ಯಾನ. ಅಲ್ಲಿ ಗೈಡ್ ಜೊತೆಗಿನ ಕಾಡಿನ ನಡಿಗೆಗೆ ತಮ್ಮ ನಮ್ಮೆಲ್ಲರ ಹೆಸರು ಕೊಟ್ಟಿದ್ದ. ಬರ್ಚ್ ಮರಗಳು ಪೂರ್ತಿ ಹಳದಿ, ನೆಲದ ಪೊದೆಗಳು ಕೆಂಪು, ನಡುವೆ ಕಡುಹಸಿರಿನ ಸ್ಪ್ರೂಸ್. ಈ ಬಣ್ಣದ ಕಾಲಕ್ಕೆ ಅವರು ರುಸ್ಕ ಎನ್ನುತ್ತಾರೆ. ನಮ್ಮಲ್ಲಿ ಮಳೆಗಾಲ, ಬೇಸಿಗೆ ಎರಡನ್ನೇ ಕಂಡ ಕಣ್ಣಿಗೆ ಅದು ಬೇರೆಯೇ ಲೋಕ.

ಗೈಡ್ ಹೆಂಗಸಾದ್ದರಿಂದ ಉಮ್ಮನ ಕೈ ಹಿಡಿದು ಕಲಿಸಲು ತೊಡಕಾಗಲಿಲ್ಲ. ಕೋಲಿನ ಪಟ್ಟಿ ಅರ್ಧ ಗ್ಲೌಸಿನ ಹಾಗೆ ಅಂಗೈಗೆ ಬಿಗಿಯುತ್ತದೆ. ಊರುಗೋಲನ್ನು ಮುಂದಕ್ಕೆ ಊರುತ್ತೇವೆ. ಇಲ್ಲಿ ಕೋಲು ಹಿಂದಕ್ಕೆ ವಾಲಿರಬೇಕು, ನೆಲವನ್ನು ಹಿಂದಕ್ಕೆ ತಳ್ಳಬೇಕು. ಬಲಗಾಲು ಮುಂದೆ ಹೋದಾಗ ಎಡಗೈ. ಕೈ ಸೊಂಟ ದಾಟಿದ ಮೇಲೆ ಮುಷ್ಟಿ ಬಿಡಬೇಕು, ಪಟ್ಟಿ ಇರುವುದರಿಂದ ಕೋಲು ಬೀಳುವುದಿಲ್ಲ. ಹೀಗೆ ತಳ್ಳುವಾಗ ಭುಜ, ತೋಳು, ಬೆನ್ನಿಗೂ ಕೆಲಸ ಬೀಳುತ್ತದೆ; ಅದೇ ವೇಗದ ಬರೀ ನಡಿಗೆಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಉಮ್ಮ ಯೋಚಿಸಿ ಯೋಚಿಸಿ ಹೆಜ್ಜೆ ಇಟ್ಟರು. ಬಲಗೈ, ಬಲಗಾಲು ಒಟ್ಟಿಗೇ ಬಂತು. ಆಗ ಗೈಡ್ ಹೇಳಿದ್ದು ಸರಳ: ಕೋಲು ಇದೆ ಎಂಬುದನ್ನೇ ಮರೆತುಬಿಡಿ, ನೆಲದ ಮೇಲೆ ಎಳೆದುಕೊಂಡು ಸುಮ್ಮನೆ ನಡೆಯಿರಿ. ತಮ್ಮನ ಹೆಂಡತಿ ಬ್ಯಾರಿಯಲ್ಲಿ ತಿಳಿಸಿದಳು. ಇಪ್ಪತ್ತು ಹೆಜ್ಜೆಯಲ್ಲಿ ಕೈ ತಾನಾಗಿ ಬೀಸತೊಡಗಿತು. ಏರಿನಲ್ಲಿ ಎರಡು ಸಲ ಕೂತರು. ಇಳಿಜಾರಿನಲ್ಲಿ ಮಾತ್ರ ಕೋಲನ್ನು ಮುಂದೆ ಊರಿ ಭಾರ ಬಿಟ್ಟು ಇಳಿದರು. ಮಂಡಿನೋವಿಗೆ ಇದೇ ಮದ್ದೆಂದು ನಾವು ಹೇಳುವುದಿಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಆದರೆ ಎರಡು ಕಿಲೋಮೀಟರ್ ಉಮ್ಮ ನಡೆದದ್ದು ನಾವು ಕಣ್ಣಾರೆ ಕಂಡದ್ದು. ಎದುರು ಸಿಕ್ಕಿದ ಒಬ್ಬರೂ ಅವರನ್ನು ತಿರುಗಿ ನೋಡಲಿಲ್ಲ. ಅವರ ಕೈಯಲ್ಲೂ ಕೋಲು!

ದಾರಿ ಬದಿಯಲ್ಲಿ ಲಿಂಗನ್‌ಬೆರಿ ಎಂಬ ಕೆಂಪು ಪುಟ್ಟ ಹಣ್ಣು. ಅದನ್ನು ಯಾರು ಬೇಕಾದರೂ ಕೊಯ್ಯಬಹುದು, ಪರದೇಶದವರೂ. ಬೇರೆಯವರ ಖಾಸಗಿ ಕಾಡಿನಲ್ಲೂ ಹಣ್ಣು, ಅಣಬೆ ಕೊಯ್ಯುವ ಹಕ್ಕು ಆ ದೇಶದಲ್ಲಿದೆ. ಉಮ್ಮ ಒಂದು ಬಾಯಿಗೆ ಹಾಕಿ ಮುಖ ಹಿಂಡಿದರು. “ನಮ್ಮ ಕರಂಡೆಯ ತಂಗಿ ಇದು. ಉಪ್ಪಿನಕಾಯಿ ಹಾಕ್ಬಹುದು.”

ಬಾಡಿಗೆಯ ಕೋಲು ವಾಪಸ್ ಕೊಡುವಾಗ ಉಮ್ಮನಿಗೆ ಮನಸ್ಸಿರಲಿಲ್ಲ. ಪೆಟ್ಟಿಗೆಯಲ್ಲಿ ಹಿಡಿಸುವಂತೆ ಗಿಡ್ಡ ಮಾಡಬಹುದಾದ ಒಂದು ಜೋಡಿಯನ್ನು ತಮ್ಮ ಕೊಡಿಸಿದ. ಕಾಡಿನ ಮಣ್ಣಿಗೆ ಕಬ್ಬಿಣದ ಮೊನೆ ಸಾಕು, ನಮ್ಮ ಕಾಂಕ್ರೀಟ್ ರಸ್ತೆಗೆ ತುದಿಗೆ ರಬ್ಬರ್ ಹಾಕಬೇಕು. ಈಗ ಸುಬಹಿ ಕಳೆದು ಉಮ್ಮ ಮಸೀದಿ ತಿರುವಿನವರೆಗೆ ಹೋಗಿ ಬರುತ್ತಾರೆ. ಮೊದಲ ವಾರ ಮಕ್ಕಳು ಹಿಂದಿಂದೆ ಓಡಿದ್ದು ನಿಜ. ಮೊನ್ನೆ ಪಕ್ಕದ ಮನೆಯವರು ಬಂದು, ನಮಗಾದರೆ ಎಷ್ಟು ಉದ್ದದ್ದು ಬೇಕು ಎಂದು ಕೇಳಿದರು. ಸೆಂಟಿಮೀಟರಿನಲ್ಲಿ ಎತ್ತರವನ್ನು 0.68ರಿಂದ ಗುಣಿಸಬೇಕು. ಅವರದ್ದು 157. ಸುಮಾರು 105 ಸೆಂಟಿಮೀಟರಿನದ್ದು ಸಾಕೆಂದು ಬರೆದುಕೊಟ್ಟೆವು.